ಕೂದಲೆಳೆಯಷ್ಟು ಕೆಳಗೆ

ಫೆಬ್ರವರಿ ಹನ್ನೊಂದು, ಮಂಗಳವಾರ, ಬೆಳಗ್ಗೆ ಆರೂ ಮುಕ್ಕಾಲು. ಎನ್.ಆರ್. ಕಾಲೋನಿಯ ಹಳೆಯ ಮನೆಯೊಂದರ ಅಡುಗೆಮನೆಗೆ ಹೋಗಿ ಫ್ರಿಜ್ ಆಫ್ ಮಾಡಿದೆ. ನನ್ನ ಸ್ಕೂಟರಿನ ಕೀಲಿಯನ್ನು ಅದರೊಳಗೆ, ಹಾಲಿನ ಪಾತ್ರೆಯ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿದೆ. ಚಿತ್ರೀಕರಣದ ಜಾಗದಲ್ಲಿ ಧ್ವನಿಮುದ್ರಣದವರು ಮಾಡುವ ಮೊದಲ ಕೆಲಸ ಇದು. ಫ್ರಿಜ್ಜಿನ ಗುಂಯ್ ಸದ್ದು ಮಾತಿನ ಕೆಳಗೆ ಸೇರಿಕೊಂಡರೆ ಆಮೇಲೆ ತೆಗೆಯುವುದು ಕಷ್ಟ. ಆಫ್ ಮಾಡಿ ಮರೆತು ಹೋದರೆ ಮನೆಯವರ ಹಾಲು ಕೆಡುತ್ತದೆ. ಕೀಲಿ ಒಳಗಿದ್ದರೆ ಹೊರಡುವಾಗ ಫ್ರಿಜ್ ತೆರೆಯಲೇಬೇಕು, ಆಗ ನೆನಪಾಗುತ್ತದೆ.

ಸಿನಿಮಾ ಸಣ್ಣದು. ಇಬ್ಬರು ವಯಸ್ಸಾದ ಕಲಾವಿದೆಯರ ಕಥೆ. ಒಬ್ಬರು ಹಾಡುವವರು, ಇನ್ನೊಬ್ಬರು ಅವರಿಗೆ ಪಿಟೀಲು ನುಡಿಸುವವರು. ಯಾವುದೋ ಮಾತಿಗೆ ಮುನಿಸಿಕೊಂಡು ಹನ್ನೆರಡು ವರ್ಷ ಮಾತು ಬಿಟ್ಟಿದ್ದವರು ಕೊನೆಗೆ ಒಂದು ಸಂಜೆ ಈ ಮನೆಯ ತೊಟ್ಟಿಯಲ್ಲಿ, ನಡುವಿನ ತೆರೆದ ಅಂಗಳದಲ್ಲಿ, ಕೂತು, ಮೃದಂಗವೂ ಇಲ್ಲದೆ, ಒಂದು ಕೀರ್ತನೆ ಹಾಡುತ್ತಾರೆ. ನಿರ್ದೇಶಕರು ನಟಿಯರನ್ನು ಕರೆತಂದಿರಲಿಲ್ಲ. ನಿಜವಾಗಿಯೂ ಐವತ್ತು ವರ್ಷ ಒಟ್ಟಿಗೆ ಕಚೇರಿ ಮಾಡಿದ ಇಬ್ಬರನ್ನೇ ಒಪ್ಪಿಸಿದ್ದರು. ಗಾಯಕಿ ಬಸವನಗುಡಿಯವರು, ಎತ್ತರದ ಹೆಂಗಸು, ನಡೆದರೆ ಜನ ತಾವಾಗಿ ದಾರಿ ಬಿಡುತ್ತಾರೆ. ಪಿಟೀಲಿನವರು ಚಿಕ್ಕಪೇಟೆಯ ರೇಷ್ಮೆ ಅಂಗಡಿಯ ಮನೆತನದವರು. ಹಣೆಯಲ್ಲಿ ವಿಭೂತಿ, ಗಿಡ್ಡ ಆಳು, ಚುರುಕು ಕಣ್ಣು. ಗಾಯಕಿ ಇವರನ್ನು 'ಕುಳ್ಳಿ' ಎನ್ನುತ್ತಾರೆ, ಇವರು ಗಾಯಕಿಯನ್ನು 'ಮಹಾರಾಣಿ' ಎನ್ನುತ್ತಾರೆ.

ಹಿಂದಿನ ವಾರ ಮಲ್ಲೇಶ್ವರದಲ್ಲಿ ಮಾತು ಬಿಟ್ಟ ದಿನಗಳ ದೃಶ್ಯಗಳನ್ನು ತೆಗೆದಿದ್ದೆವು. ಒಂದೂ ಸರಿಯಾಗಿ ಬಂದಿರಲಿಲ್ಲ.

"ಅಮ್ಮಾ, ನೀವಿಬ್ರೂ ಮಾತು ಬಿಟ್ಟಿದೀರ. ಒಬ್ರನ್ನೊಬ್ರು ನೋಡ್ಲೂಬಾರ್ದು," ಎಂದು ನಿರ್ದೇಶಕರು ಕೇಳಿಕೊಂಡರು.

"ನೋಡ್ದೆ ಹೆಂಗಪ್ಪಾ ಇರ್ಲಿ? ಅವಳ ಸೆರಗು ಕಾಫಿ ಲೋಟದೊಳಗೆ ಹೋಗ್ತಿದೆ," ಎಂದರು ಪಿಟೀಲಿನವರು.

"ಹನ್ನೆರಡು ವರ್ಷ ಅಂತೆ. ನಮಗೆ ಹನ್ನೆರಡು ನಿಮಿಷ ಆಗಲ್ಲ. ಕಥೆ ಬರೆದೋರಿಗೆ ಸ್ನೇಹಿತ್ರೇ ಇಲ್ವಾ ಅಂತ," ಎಂದರು ಗಾಯಕಿ.

ಕಥೆ ಬರೆದವರು ನಿರ್ದೇಶಕರೇ. ಅವರು ತಲೆ ಕೆರೆದುಕೊಂಡು ಮುಂದಿನ ದೃಶ್ಯಕ್ಕೆ ಹೋದರು.

ಗಾಯಕಿಯದು ಒಂದೇ ಷರತ್ತು. ಹಾಡು ಅವರ ಕಂಠದಲ್ಲೇ ಇರಬೇಕು. "ನನ್ನ ಬಾಯಿ ಆಡ್ಬೇಕು, ಇನ್ಯಾರದೋ ಗಂಟ್ಲು ಹಾಡ್ಬೇಕು ಅಂದ್ರೆ ನನ್ನ ಕರೀಬೇಡಿ. ಗೊಂಬೆ ಅಂಗಡಿಗೆ ಹೋಗಿ," ಎಂದಿದ್ದರಂತೆ. ಹೀಗಾಗಿ ಹಾಡನ್ನು ಸ್ಟುಡಿಯೋದಲ್ಲಿ ಮೊದಲೇ ಮುದ್ರಿಸಿಕೊಳ್ಳದೆ ಕ್ಯಾಮೆರಾ ಎದುರೇ ಹಿಡಿಯುವುದೆಂದು ತೀರ್ಮಾನವಾಗಿತ್ತು. ಆ ಹಾಡಿನ ಧ್ವನಿ ನಮ್ಮ ಸೌಂಡ್ ಸರ್ ಮತ್ತು ಅವರ ಸಹಾಯಕಿಯಾದ ನನ್ನ ಹೊಣೆ.

ತೊಟ್ಟಿಯೊಳಗೆ ಬೇಕಾದ ಬಿಸಿಲು ಬೀಳುವುದು ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಮಾತ್ರ. ಮಂಗಳವಾರ ಇಬ್ಬರನ್ನೂ ದೂರದಿಂದ, ಬುಧವಾರ ಗಾಯಕಿಯನ್ನು ಹತ್ತಿರದಿಂದ, ಗುರುವಾರ ಪಿಟೀಲನ್ನು ಹತ್ತಿರದಿಂದ ತೆಗೆದು, ಆಮೇಲೆ ಮೂರನ್ನೂ ಕತ್ತರಿಸಿ ಒಂದೇ ಹಾಡಾಗಿ ಜೋಡಿಸುವುದು ಯೋಜನೆ. ಭಾನುವಾರ ಆ ಮನೆಯಲ್ಲಿ ಸೊಸೆಯ ಸೀಮಂತ. ಶನಿವಾರ ಸಂಜೆ ನಾವು ಜಾಗ ಖಾಲಿ ಮಾಡಲೇಬೇಕಿತ್ತು.

ಬೇರೆ ಬೇರೆ ದಿನ ಹಾಡಿದ್ದು ಕೂಡಿಕೊಳ್ಳಬೇಕಾದರೆ ಶ್ರುತಿ ಒಂದೇ ಇರಬೇಕು. ಹಾಡಿಗೆ ಆಧಾರವಾದ 'ಸ' ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬುದೇ ಶ್ರುತಿ. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಅದನ್ನು ಹೇಳುತ್ತಾರೆ. ಗಾಯಕಿಯದು ಐದನೇ ಮನೆ. "ಇಪ್ಪತ್ತನೇ ವಯಸ್ಸಿಂದ ಐದು. ಅದರಲ್ಲಿ ಬದಲಾವಣೆ ಇಲ್ಲ," ಎಂದು ಮೊದಲ ದಿನವೇ ನನಗೆ ಹೇಳಿದರು. ಶ್ರುತಿಯನ್ನು ಕಿವಿಯೊಳಗಿನ ಸಣ್ಣ ಸ್ಪೀಕರಿನಲ್ಲಿ ಕೊಡುತ್ತೇವೆ ಎಂದರೆ ಇಬ್ಬರೂ ಒಪ್ಪಲಿಲ್ಲ. "ಕಿವಿಗೆ ಬೆಣೆ ಹೊಡ್ಕೊಂಡು ಹಾಡೋಕಾಗಲ್ಲಮ್ಮ." ಕೊನೆಗೆ ಪಿಟೀಲಿನವರ ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನೇ ದಿಂಬಿನ ಹಿಂದೆ ಬಚ್ಚಿಟ್ಟು, ಸದ್ದು ಕಡಿಮೆ ಮಾಡಿ ಬಿಟ್ಟೆವು.

ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಗಾಯಕಿ ಬಂದು ಕೂರುವ ಹೊತ್ತಿಗೆ ಶ್ರುತಿ ಸಿದ್ಧವಾಗಿರುವುದು ಅವರಿಬ್ಬರ ಪದ್ಧತಿ. ಗಾಯಕಿ ಎಷ್ಟಕ್ಕಿಟ್ಟಿದ್ದೀಯ ಎಂದು ಕೇಳುವುದಿಲ್ಲ, ಪಿಟೀಲಿನವರು ಹೇಳುವುದಿಲ್ಲ. ಆದರೂ ನನ್ನ ಸಮಾಧಾನಕ್ಕೆ, ಮಂಗಳವಾರ ಪೆಟ್ಟಿಗೆಯ ಮುಂದಿನ ದೊಡ್ಡ ಗುಂಡಿಯ ಮೇಲೆ ಬಿಳಿ ಟೇಪು ಅಂಟಿಸಿ, ಐದಕ್ಕೆ ನೇರವಾಗಿ ಪೆನ್ನಿನಲ್ಲಿ ಗೆರೆ ಎಳೆದೆ. ಫೋನಿನ ಆ್ಯಪ್ ಐದಕ್ಕಿಂತ ತುಸು ಕೆಳಗೆ ತೋರಿಸಿತು. ಹಳೆಯ ಪೆಟ್ಟಿಗೆ, ಅಷ್ಟು ವ್ಯತ್ಯಾಸ ಇರುತ್ತದೆ ಎಂದುಕೊಂಡೆ. ದಿನವೂ ಅಷ್ಟೇ ಇದ್ದರೆ ನಮಗೆ ಸಾಕಿತ್ತು.

ಬುಧವಾರ ಸಂಜೆ ಎರಡು ದಿನದ ಹಾಡನ್ನು ಲ್ಯಾಪ್‌ಟಾಪಿನಲ್ಲಿ ಜೋಡಿಸಿ ಕೇಳಿದೆವು. ಪಲ್ಲವಿಯ ಮೊದಲ ಸಾಲು ಮಂಗಳವಾರದ್ದು, ಎರಡನೆಯದು ಬುಧವಾರದ್ದು. ಸಾಲು ಬದಲಾದ ಕಡೆ ಕತ್ತಲೆಯಲ್ಲಿ ಮೆಟ್ಟಿಲು ತಪ್ಪಿದಂತಾಯಿತು. ಬುಧವಾರದ ಶ್ರುತಿ ಕೆಳಗಿತ್ತು. ಹೆಚ್ಚಲ್ಲ, ಆದರೆ ಅಕ್ಕಪಕ್ಕ ಇಟ್ಟರೆ ಸಂಗೀತ ಗೊತ್ತಿಲ್ಲದವರಿಗೂ ಕೇಳುವಷ್ಟು.

"ಏನ್ ಗುರು ಇದು," ಎಂದರು ಸೌಂಡ್ ಸರ್. "ರೆಕಾರ್ಡರ್ ಸೆಟ್ಟಿಂಗ್ ಬದಲಾಗಿದ್ಯಾ ನೋಡು."

ನೋಡಿದೆ, ಬದಲಾಗಿರಲಿಲ್ಲ. ಬದಲಾಗಿದ್ದರೆ ಹಾಡಿನ ವೇಗವೂ ಕುಗ್ಗಬೇಕಿತ್ತು, ವೇಗ ಸರಿಯಾಗಿತ್ತು. ಮುಂದಿನ ಅನುಮಾನ ಕರೆಂಟಿನ ಮೇಲೆ. ಹಳೆಯ ಮನೆ, ಮಧ್ಯಾಹ್ನ ವೋಲ್ಟೇಜ್ ಇಳಿಯುತ್ತದೆ. ಗುರುವಾರ ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿಸಿದೆ. ಟೇಪಿನ ಗೆರೆ ಇಟ್ಟಲ್ಲೇ ಇತ್ತು. ಆ ದಿನದ ಶ್ರುತಿ ಬುಧವಾರಕ್ಕಿಂತಲೂ ಒಂದಿಷ್ಟು ಕೆಳಗೆ ಬಂತು.

ಗುರುವಾರ ಸಂಜೆ ಸೌಂಡ್ ಸರ್ ಬುಧವಾರ ಮತ್ತು ಗುರುವಾರದ ಹಾಡನ್ನು ಕಂಪ್ಯೂಟರಿನಲ್ಲಿ ಮೇಲಕ್ಕೆ ಎಳೆದು ಮಂಗಳವಾರದ ಮಟ್ಟಕ್ಕೆ ತಂದರು. ಶ್ರುತಿ ಕೂಡಿತು. ಆದರೆ ಕಂಠ ತೆಳ್ಳಗಾಗಿ, ಗಮಕಗಳು ನಡುಗಿ, ಪಿಟೀಲು ಆಟಿಕೆಯ ಪಿಟೀಲಿನ ಹಾಗೆ ಕೇಳಿಸಿತು. ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಪ್ಲಾಸ್ಟಿಕ್," ಎಂದರು.

ನಿರ್ದೇಶಕರು ಗೋಡೆಗೆ ಒರಗಿ ನಿಂತೇ ಕೇಳಿದರು. "ಹಾಗಿದ್ರೆ ಬೇರೆ ಹುಡುಗಿ ಕೈಲಿ ಹಾಡಿಸಿ ಕೂರಿಸ್ಬೇಕಾಗುತ್ತೆ. ಬೇರೆ ದಾರಿ ಕಾಣ್ತಿಲ್ಲ."

"ಅಮ್ಮನಿಗೆ ಮಾತು ಕೊಟ್ಟಿದೀರಲ್ಲ ಸರ್," ಎಂದೆ.

"ಕೊಟ್ಟಿದೀನಿ. ಅದಕ್ಕೇ ನಾಳೆ ಒಂದಿನ ಟೈಮ್. ಮಧ್ಯಾಹ್ನದೊಳಗೆ ಕಾರಣ ಗೊತ್ತಾಗ್ಬೇಕು. ಇಲ್ಲಾಂದ್ರೆ ನಾನೇ ಅವ್ರ ಮನೆಗೆ ಹೋಗಿ ಹೇಳ್ತೀನಿ."

ಏನೆಂದು ಹೇಳುತ್ತಾರೆ ಎಂದು ಯೋಚಿಸಿದೆ. ಯಾವ ಮಾತಿನಲ್ಲಿ ಹೇಳಿದರೂ ಅದರ ಅರ್ಥ ಒಂದೇ ಆಗುತ್ತಿತ್ತು: ನಿಮ್ಮ ಕಂಠ ನಮಗೆ ಬೇಡ.

ಶುಕ್ರವಾರ ಎಲ್ಲರಿಗಿಂತ ಮೊದಲು ಹೋದೆ, ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕೆಂದು. ತೊಟ್ಟಿಯ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಪಿಟೀಲಿನವರು ಆಗಲೇ ಬಂದು ಚಾಪೆಯ ಮೇಲೆ ಕೂತಿದ್ದರು. ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಗ್ಗುಲಾಗಿ ಮಲಗಿಸಿಕೊಂಡು, ಅದರ ಬೆನ್ನಿಗೆ ಕಿವಿ ಇಟ್ಟಿದ್ದರು. ಬೆನ್ನಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಇನ್ನೊಂದು ಗುಂಡಿ ಇತ್ತು. ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸಿ ಇಳಿಸುವ ಗುಂಡಿ. ನಾನು ಟೇಪು ಅಂಟಿಸಿದ್ದು ಮುಂದಿನದಕ್ಕೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಕಂಡ್ಬಿಟ್ಯಾ? ಒಳಗ್ಬಾ. ಬಾಗ್ಲು ಹಾಕು."

ಹಾಕಿದೆ.

"ಎರಡು ವರ್ಷ ಆಯ್ತು ಪುಟ್ಟಿ, ಅವಳಿಗೆ ಐದು ಎಟುಕ್ತಿಲ್ಲ. ಮೇಲಿನ ಸ ಹಿಡಿಯೋವಾಗ ಕತ್ತಿನ ನರ ಹಗ್ಗ ಆಗುತ್ತೆ. ನೀವು ಮೈಕಲ್ಲಿ ಕೇಳ್ತೀರ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಅದಕ್ಕೆ ಇಳಿಸ್ತಾ ಬಂದೆ. ಒಂದೇ ಸಲಕ್ಕೆ ಇಳಿಸಿದ್ರೆ ತಿಳಿದ್ಬಿಡುತ್ತೆ. ಕೂದಲೆಳೆ, ಕೂದಲೆಳೆ."

"ದಿನಾ ಎಷ್ಟು ಇಳಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಬೆಳಗ್ಗೆ ಏಳಕ್ಕೆ ಫೋನ್ ಮಾಡ್ತೀನಿ. 'ಕಾಫಿ ಆಯ್ತೇನೇ' ಅಂತೀನಿ. 'ಆಯ್ತು ಕಣೇ' ಅಂತಾಳೆ. ಆ 'ಕಣೇ' ಎಲ್ಲಿ ನಿಲ್ಲುತ್ತೆ ಅಂತ ಕೇಳಿಸ್ಕೋತೀನಿ. ಅವತ್ತಿನ ಶ್ರುತಿ ಅದೇ. ಈ ವಾರ ಇವ್ರು ಒಂದೇ ಹಾಡನ್ನ ಹತ್ತು ಸಲ ಹಾಡಿಸಿ ಅವಳ ಗಂಟ್ಲು ದಣಿಸಿದಾರೆ. ದಿನಾ ಇಳೀತಿದೆ."

ನಾನು ಹೆಡ್‌ಫೋನನ್ನು ಅವರ ತಲೆಗೆ ಹಾಕಿ, ಮೂರು ದಿನದ ಹಾಡು ಜೋಡಿಸಿದ್ದನ್ನು ಕೇಳಿಸಿದೆ. ಮೊದಲ ಮೆಟ್ಟಿಲಿಗೆ ಅವರ ಹುಬ್ಬು ಗಂಟಾಯಿತು. ಎರಡನೆಯದಕ್ಕೆ ಹೆಡ್‌ಫೋನ್ ಕಿತ್ತಿಟ್ಟರು.

"ಅಯ್ಯೋ ಶಿವನೇ. ಇದನ್ನೆಲ್ಲ ಹೀಗೆ ಅಂಟಿಸ್ತಾರೆ ಅಂತ ನನ್ನ ತಲೆಗೇ ಹೊಳೀಲಿಲ್ಲ. ಕಚೇರಿ ಅಂದ್ರೆ ಅವತ್ತಿಂದು ಅವತ್ತಿಗೆ ಮುಗೀತು. ನೆನ್ನೆಯ ಶ್ರುತಿ ಯಾರಿಗೆ ಬೇಕು?"

ನಿರ್ದೇಶಕರು ಹೇಳಿದ್ದನ್ನು ತಿಳಿಸಿದೆ. ಅವರು ಪೆಟ್ಟಿಗೆಯ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ ಹೇಳಿದರು: "ಕುಳ್ಳೀಗೆ ಕಿವಿ ಮಂದ ಆಗಿದೆ, ಶ್ರುತಿ ತಪ್ಪಾಗಿಟ್ಟಿದಾಳೆ ಅಂತ ಹೇಳು ನಿಮ್ಮ ಡೈರೆಕ್ಟರ್ಗೆ. ಅವಳಿಗೂ ಹಾಗೇ ಹೇಳ್ಲಿ."

ಪಿಟೀಲಿನವರೊಬ್ಬರು ತಮ್ಮ ಕಿವಿಯ ಬಗ್ಗೆ ಹಾಗೆ ಹೇಳಿಸಿಕೊಳ್ಳುವುದೆಂದರೆ ಏನು ಎಂದು ತಿಳಿಯುವಷ್ಟು ಸಂಗೀತ ನನಗೂ ಗೊತ್ತು. ಅದೂ ಅಲ್ಲದೆ, ಹಾಗೆ ಹೇಳಿದರೂ ಪ್ರಯೋಜನವಿರಲಿಲ್ಲ. ಪೆಟ್ಟಿಗೆ ಅವರ ಕೈ ತಪ್ಪುತ್ತಿತ್ತು. ನಾವು ಅದನ್ನು ಸರಿಯಾಗಿ ಐದಕ್ಕೆ ಇಟ್ಟು ಮತ್ತೆ ಹಾಡಿಸುತ್ತಿದ್ದೆವು. ಮೇಲಿನ ಸ ಎಲ್ಲರೆದುರು ಒಡೆಯುತ್ತಿತ್ತು.

"ಬೇಡಮ್ಮ. ಇನ್ನೊಂದು ದಾರಿ ಇದೆ. ನಾಳೆ ಒಂದೇ ಸಲಕ್ಕೆ ಪೂರ್ತಿ ಹಾಡಿಸೋಣ. ಎಲ್ಲೂ ಕಟ್ ಮಾಡದೆ, ಎರಡು ಕ್ಯಾಮೆರಾ ಇಟ್ಟು. ಆಗ ನೀವು ಎಷ್ಟಕ್ಕಿಟ್ಟಿದೀರ ಅನ್ನೋದು ಮುಖ್ಯ ಆಗಲ್ಲ. ಅವತ್ತಿಂದು ಅವತ್ತಿಗೆ."

ಅವರು ನನ್ನನ್ನು ನೋಡಿದರು. "ಒಂಬತ್ತು ನಿಮಿಷ ನಿಲ್ಲಿಸ್ದೆ ಹಾಡ್ತಾಳಾ ಅಂತ ನನ್ನ ಕೇಳ್ಬೇಡ. ಈ ಗುಂಡೀಲಿ ಇನ್ನು ಇಳಿಸೋಕೂ ಜಾಗ ಇಲ್ಲ."

ಮಧ್ಯಾಹ್ನ ನಿರ್ದೇಶಕರ ಮುಂದೆ ಯೋಜನೆ ಇಟ್ಟೆ. ಅವರು ಕೇಳಿದ ಮೊದಲ ಪ್ರಶ್ನೆ: "ಶ್ರುತಿ ಯಾಕೆ ಇಳೀತಿತ್ತು?"

"ಗೊತ್ತಾಗಿದೆ ಸರ್. ಒಂದೇ ಸಲಕ್ಕೆ ತೆಗೆದ್ರೆ ಅದು ತೊಂದ್ರೆ ಕೊಡಲ್ಲ."

ಸೌಂಡ್ ಸರ್ ಪಕ್ಕದಿಂದ, "ಪೆಟ್ಟಿಗೆ ಕೆಟ್ಟಿತ್ತಾ?" ಎಂದರು.

"ಪೆಟ್ಟಿಗೆ ಸರಿ ಇದೆ ಸರ್."

ಅವರು ನನ್ನ ಮುಖ ನೋಡಿದರು, ಆಮೇಲೆ ತೊಟ್ಟಿಯ ಕಡೆ ನೋಡಿದರು. ಅಲ್ಲಿ ಗಾಯಕಿ ಕಾಲು ಚಾಚಿಕೊಂಡು ಕಿತ್ತಳೆ ಸುಲಿಯುತ್ತಿದ್ದರು. ಪಿಟೀಲಿನವರು ಆ ತೊಳೆಗಳನ್ನು ಕಸಿದು, "ಹುಳಿ ತಿನ್ಬೇಡ ಕಣೇ, ಗಂಟ್ಲು," ಎಂದು ತಾವೇ ತಿನ್ನುತ್ತಿದ್ದರು.

"ನನ್ನ ಜವಾಬ್ದಾರಿ. ಮಾಡೋಣ," ಎಂದರು ಸೌಂಡ್ ಸರ್ ನಿರ್ದೇಶಕರಿಗೆ. ಮತ್ತೇನೂ ಕೇಳಲಿಲ್ಲ. ಆ ದಿನದ ಚಿತ್ರೀಕರಣ ರದ್ದಾಯಿತು. ಗಾಯಕಿಯನ್ನು ಮನೆಗೆ ಕಳುಹಿಸಿ, ಎರಡು ಕ್ಯಾಮೆರಾಗಳಲ್ಲೂ ಮೈಕುಗಳು ಕಾಣದ ಹಾಗೆ ಜಾಗ ಹುಡುಕುವುದರಲ್ಲಿ ಸಂಜೆಯಾಯಿತು. ಕೊನೆಗೆ ಒಂದು ಮೈಕನ್ನು ತುಳಸಿಕಟ್ಟೆಯ ಮರೆಯಲ್ಲಿ, ಇನ್ನೊಂದನ್ನು ಗಾಯಕಿಯ ಮುಂದಿನ ಹೂವಿನ ತಟ್ಟೆಯಲ್ಲಿ ಹುದುಗಿಸಿದೆ.

ಶನಿವಾರ ಮಧ್ಯಾಹ್ನ ಮೂರೂವರೆ. ಬಿಸಿಲು ಕಂಬದ ಬುಡಕ್ಕೆ ಬಂದಿತ್ತು. ಇಬ್ಬರೂ ಕೂತರು. ಹಾಡಿಗೆ ಮೊದಲು ಒಂದು ನಿಮಿಷ ಯಾರೂ ಮಾತಾಡದೆ ಆ ಜಾಗದ ಬರೀ ಮೌನವನ್ನು ಮುದ್ರಿಸಿಕೊಳ್ಳುವುದು ನಮ್ಮ ಕ್ರಮ. ಎಲ್ಲರಿಗೂ ಸುಮ್ಮನಿರಲು ಹೇಳಿ ರೆಕಾರ್ಡರ್ ಚಾಲೂ ಮಾಡಿದೆ. ಶ್ರುತಿಪೆಟ್ಟಿಗೆ ಮೆಲ್ಲಗೆ ಮೊರೆಯುತ್ತಿತ್ತು. ಎಲ್ಲರೂ ಸುಮ್ಮನಾದರು, ಗಾಯಕಿಯ ಹೊರತು.

"ಕುಳ್ಳಿ. ಇವತ್ತು ಎಲ್ಲಿಗಿಟ್ಟಿದೀಯ?"

ಪಿಟೀಲಿನವರ ಕೈಯಲ್ಲಿದ್ದ ಕಮಾನು ನಿಂತಿತು. ಆ ಪ್ರಶ್ನೆ ಅವರಿಬ್ಬರ ನಡುವೆ ಎಂದೂ ಬಂದದ್ದಲ್ಲ.

"ಎಲ್ಲಿಗೆ ಅಂದ್ರೆ? ಐದು."

"ಮೊನ್ನೆ ಇಟ್ಟಿದ್ದಕ್ಕಿಂತ ಮೇಲಿದೆ."

"ನಿನ್ನ ಗಂಟ್ಲು ಇವತ್ತು ಚೆನ್ನಾಗಿತ್ತಲ್ಲ ಬೆಳಗ್ಗೆ..." ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

"ಬೆಳಗ್ಗೆ ಫೋನಲ್ಲಿ ಬೇಕಂತ್ಲೇ ಏರಿಸಿ ಮಾತಾಡ್ದೆ," ಎಂದರು ಗಾಯಕಿ. "ಈ ಮಕ್ಳು ಎರಡೆರಡು ಕ್ಯಾಮೆರಾ ತಂದಿದಾರೆ. ಇವತ್ತೊಂದಿನ ನೀನು ಮೇಲಿಡ್ಲಿ, ಐದರ ಹತ್ರಕ್ಕಾದ್ರೂ ಹೋಗೋಣ ಅಂತ. ಈಗ ಕೂತ್ಮೇಲೆ ಗೊತ್ತಾಗ್ತಿದೆ, ಆಗಲ್ಲ. ಇಳಿಸು."

ನಾನು ನಿರ್ದೇಶಕರ ಕಡೆ ನೋಡಿದೆ. ಅವರು ಕ್ಯಾಮೆರಾದವರ ಕಡೆ ಬೆರಳು ತಿರುಗಿಸಿ, ಓಡಿಸಿ ಎಂದು ಸನ್ನೆ ಮಾಡಿದರು.

"ಯಾವತ್ತಿಂದ ಗೊತ್ತು ನಿಂಗೆ?" ಪಿಟೀಲಿನವರ ಧ್ವನಿ ಸಣ್ಣದಾಗಿತ್ತು.

"ಶುರುವಿಂದ. ನನ್ನ ಗಂಟ್ಲು ಕಣೇ ಅದು."

"ಎರಡು ವರ್ಷ ಕಳ್ಳಿ ಥರ ಆ ಗುಂಡಿ ತಿರುಗಿಸಿದೀನಿ. ಒಂದಿನಾನೂ ಬಾಯಿ ಬಿಡ್ಲಿಲ್ಲ ನೀನು. ನನ್ನ ಪೆದ್ದಿ ಮಾಡ್ಬಿಟ್ಟೆ."

"ನೀನು ಬಿಟ್ಯಾ ಬಾಯಿ?"

ಪಿಟೀಲಿನವರು ವಾದ್ಯವನ್ನು ಮಡಿಲಿನಿಂದ ತೆಗೆದು ಚಾಪೆಯ ಮೇಲಿಟ್ಟರು. ಮುಖ ತಿರುಗಿಸಿ ಕಂಬ ನೋಡುತ್ತ ಕೂತರು. ಗಾಯಕಿ ಹೂವಿನ ತಟ್ಟೆ ನೋಡುತ್ತ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮಲ್ಲೇಶ್ವರದಲ್ಲಿ ನಾವು ನಾಲ್ಕು ದಿನ ಒದ್ದಾಡಿದರೂ ಸಿಗದಿದ್ದದ್ದು ಅದು. ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಿಸಿಲು ಕಂಬವನ್ನು ಏರುತ್ತಿತ್ತು. ಇವರು ಎದ್ದು ಹೋದರೆ ಹಾಡೂ ಇಲ್ಲ, ನಾಳೆಯೂ ಇಲ್ಲ. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು.

ಮೊದಲು ಮಾತಾಡಿದವರು ಗಾಯಕಿ, ಹೂವಿಗೆ ಹೇಳುವಂತೆ. "ಬಿನ್ನಿಪೇಟೆ ರಾಮನವಮಿ ಪೆಂಡಾಲು. ನಿನ್ನ ಮೊದಲ್ನೇ ಕಚೇರಿ. ಹೆದರಿ ಅರ್ಧ ಮನೆ ಕೆಳಗೆ ಶ್ರುತಿ ಮಾಡಿದ್ದೆ. ನಾನು ಒಂದು ಮಾತು ಆಡಿದ್ನಾ? ಹಾಗೇ ಹಾಡ್ಕೊಂಡು ಹೋಗ್ಲಿಲ್ವಾ?"

ಪಿಟೀಲಿನವರು ಸರಕ್ಕನೆ ತಿರುಗಿದರು. "ಸುಳ್ಳು! ಸರಿಯಾಗೇ ಮಾಡಿದ್ದೆ."

"ಕೆಳಗಿತ್ತು."

"ಸರಿಯಾಗಿತ್ತು! ಯಾರನ್ ಬೇಕಾದ್ರೂ ಕೇಳು."

"ಯಾರಿದಾರೆ ಈಗ ಕೇಳೋಕೆ? ಆಯ್ತು ಬಿಡು, ಸರಿಯಾಗಿತ್ತು. ಅವತ್ತು ಎಲ್ಲಿಟ್ಟಿದ್ಯೋ ಈಗ್ಲೂ ಅಲ್ಲೇ ಇಡು. ಹಾಡ್ತೀನಿ."

ಪಿಟೀಲಿನವರು ದಿಂಬಿನ ಹಿಂದೆ ಕೈ ಹಾಕಿ ಪೆಟ್ಟಿಗೆಯನ್ನು ಆಫ್ ಮಾಡಿದರು. ಪಿಟೀಲನ್ನು ಮತ್ತೆ ಕಾಲಿನ ಮೇಲೆ ನಿಲ್ಲಿಸಿಕೊಂಡು, ಬಿರಡೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ತಂತಿಗಳನ್ನು ಸಡಿಲಿಸಿದರು. ಮುಚ್ಚಿಡಲು ಇನ್ನೇನೂ ಇಲ್ಲದವರ ಹಾಗೆ, ಎಲ್ಲರೆದುರು, ನಿಧಾನವಾಗಿ ಇಳಿಸಿದರು. ಪ್ರತಿ ಸಲ ಕಮಾನು ಎಳೆದಾಗಲೂ ಗಾಯಕಿಯ ಮುಖ ನೋಡಿದರು. ಮೂರನೆಯ ಸಲಕ್ಕೆ ಗಾಯಕಿ ರೆಪ್ಪೆ ಮುಚ್ಚಿದರು. ಅಲ್ಲಿಗೆ ನಿಲ್ಲಿಸಿ 'ಸ' ಹಿಡಿದರು. ಗಾಯಕಿ ಆ ಸ್ವರದೊಳಕ್ಕೆ ಹೋಗಿ ಕೂತ ಹಾಗೆ ಧ್ವನಿ ಸೇರಿಸಿದರು.

ಒಂಬತ್ತು ನಿಮಿಷ ಹಾಡಿದರು. ಚರಣದಲ್ಲಿ ಒಂದು ಕಡೆ ಗಾಯಕಿಗೆ ಉಸಿರು ಸಾಲದೆ ಸಾಲು ಬಿಟ್ಟುಹೋಯಿತು. ಪಿಟೀಲು ಆ ಸಾಲನ್ನು ಮುಗಿಸಿ ಅವರ ಕೈಗೆ ಕೊಟ್ಟಿತು. ಮೇಲಿನ ಸ ಬಂದಾಗ ನಾನು ಮೀಟರ್ ನೋಡಬೇಕಾದವಳು ಅವರ ಕತ್ತು ನೋಡಿದೆ. ನರ ಹಗ್ಗವಾಗಿರಲಿಲ್ಲ.

ಆ ದಿನದ ಶ್ರುತಿಯನ್ನು ಆಮೇಲೆ ಅಳೆದು ಬರೆದಿಟ್ಟಿದ್ದೇನೆ. ಇಲ್ಲಿ ಹೇಳುವುದಿಲ್ಲ.

ಹೊರಡುವ ಮೊದಲು, ಜಗಳವೂ ಮುದ್ರಣವಾಗಿದೆ, ಬೇಡವೆಂದರೆ ಅಳಿಸುತ್ತೇವೆ ಎಂದು ನಿರ್ದೇಶಕರು ಇಬ್ಬರಿಗೂ ತಿಳಿಸಿದರು.

"ಇಟ್ಕೊಳ್ಳಪ್ಪ," ಎಂದರು ಗಾಯಕಿ. "ನಾವು ಸರಿಯಾಗಿ ಆ್ಯಕ್ಟಿಂಗ್ ಮಾಡಿದ್ದು ಅದೊಂದೇ."

"ಇಟ್ಕೊಳ್ಳಿ," ಎಂದರು ಪಿಟೀಲಿನವರು. "ಆ ಬಿನ್ನಿಪೇಟೆ ಸುಳ್ಳೊಂದನ್ನ ಮಾತ್ರ ತೆ‌ಗೀರಿ."

"ಅದನ್ನ ತೆಗೆದ್ರೆ ಪೂರ್ತಿ ತೆಗೀರಿ," ಎಂದರು ಗಾಯಕಿ.

ಫ್ರಿಜ್ ಆನ್ ಮಾಡಿ, ತಣ್ಣಗಿದ್ದ ಕೀಲಿ ತೆಗೆದುಕೊಂಡು ನಾನು ಹೊರಬಂದಾಗಲೂ ಗೇಟಿನ ಬಳಿ ಅದೇ ವಾದ ನಡೆಯುತ್ತಿತ್ತು. ಈಗ ಸಂಕಲನ ನಡೆಯುತ್ತಿದೆ. ಹಾಡು ಸಿದ್ಧವಾಗಿದೆ, ಗಾಯಕಿಯ ಕಂಠದಲ್ಲೇ. ಆ ಒಂದು ಮಾತು ಇರಬೇಕೋ ಬೇಡವೋ ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಇಬ್ಬರೂ ಬಗ್ಗಿಲ್ಲ.

ಆದ್ದರಿಂದ ಇದನ್ನು ಓದುವವರಲ್ಲಿ ಒಂದು ಕೋರಿಕೆ. ಬಿನ್ನಿಪೇಟೆಯಲ್ಲಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ, ಅಲ್ಲಿಯ ರಾಮನವಮಿ ಪೆಂಡಾಲಿನಲ್ಲಿ, ಎತ್ತರದ ಹುಡುಗಿಯೊಬ್ಬಳು ಹಾಡಿ, ಗಿಡ್ಡ ಹುಡುಗಿಯೊಬ್ಬಳು ಪಿಟೀಲು ನುಡಿಸಿದ ಕಚೇರಿ ನಿಮ್ಮ ಮನೆಯ ಯಾರಿಗಾದರೂ ನೆನಪಿದೆಯೇ? ಮುಂದಿನ ಸಾಲಿನಲ್ಲಿ ಒಬ್ಬರು ದೊಡ್ಡ ಸ್ಪೂಲ್ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಆ ಸಂಜೆಯ ಬಗ್ಗೆ ಅವರು ಒಪ್ಪುವುದು ಅದೊಂದನ್ನೇ. ಆ ಟೇಪು ಯಾರ ಅಟ್ಟದ ಮೇಲಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಹಳೆಯ ಟೇಪು ನಿಧಾನವಾಗಿಯೋ ವೇಗವಾಗಿಯೋ ಓಡಿ ಶ್ರುತಿಯನ್ನು ಕೆಡಿಸುತ್ತದೆ, ನಿಜ. ಆದರೆ ಅದರೊಳಗೆ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿದ್ದರೆ, ಆ ಸದ್ದು ಎಷ್ಟು ಎತ್ತರದಲ್ಲಿರಬೇಕೆಂದು ನಮಗೆ ಗೊತ್ತಿರುವುದರಿಂದ, ಟೇಪಿನ ನಿಜವಾದ ವೇಗವನ್ನು ಲೆಕ್ಕ ಹಾಕಬಹುದು. ಅರ್ಧ ಮನೆ ಕೆಳಗಿತ್ತೋ ಇಲ್ಲವೋ ಎಂದು ಹೇಳಲು ಅಷ್ಟು ಸಾಕು.

ಯಾರ ಕೈಯಲ್ಲೂ ಅದನ್ನು ಶುದ್ಧ ಮಾಡಿಸಬೇಡಿ. ಗುಂಯ್ ಎನ್ನುತ್ತಿದ್ದರೆ ಹಾಗೆಯೇ ಇರಲಿ.